ಕನ್ನಡದ ವೆಬ್ ವಿಳಾಸವನ್ನು ಗೂಗಲ್ ಹೇಗೆ ಓದುತ್ತದೆ

(ತುಮಕೂರಿನಲ್ಲಿ ಕನ್ನಡ ಜಾಲತಾಣ ನಡೆಸುವವರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ತಿದ್ದಿದ ರೂಪ.)

ಇಲ್ಲಿರುವವರಲ್ಲಿ ಹೆಚ್ಚಿನವರು ಯಾವುದಾದರೊಂದು ಕನ್ನಡ ತಾಣ ನಡೆಸುತ್ತಿದ್ದೀರಿ. ಕೆಲವರದು ತಾಲ್ಲೂಕು ಸುದ್ದಿ, ಕೆಲವರದು ಕೃಷಿ ಮಾಹಿತಿ. ಮಕ್ಕಳಿಗೆಂದು ಪಾಠದ ಟಿಪ್ಪಣಿ ಹಾಕುವ ಮೇಷ್ಟ್ರುಗಳೂ ಇದ್ದೀರಿ. ನೀವು ಮುಂಚೆಯೇ ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನು ಓದಿದೆ. ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ: ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಗೂಗಲ್ ಆ ಪುಟವನ್ನು ಬಿಟ್ಟುಬಿಡುತ್ತದೆಯೇ? ವಿಳಾಸವನ್ನು ಇಂಗ್ಲಿಷಿನಲ್ಲೇ ಕೊಡಬೇಕೇ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಡುವುದಿಲ್ಲ. ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಿ, ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ಬರೆಯಿರಿ ಎಂದು ಗೂಗಲ್ ತನ್ನ ಕೈಪಿಡಿಯಲ್ಲೇ ಹೇಳಿದೆ. ತೊಂದರೆ ಕನ್ನಡ ಅಕ್ಷರದಿಂದ ಬರುವುದಿಲ್ಲ. ಕಣ್ಣಿಗೆ ಒಂದೇ ಥರ ಕಂಡು, ಯಂತ್ರಕ್ಕೆ ಬೇರೆ ಬೇರೆಯಾಗಿ ಕಾಣುವ ಎರಡು ವಿಳಾಸ ಒಂದೇ ಪುಟಕ್ಕೆ ಹುಟ್ಟಿಕೊಂಡಾಗ ಬರುತ್ತದೆ. ಕನ್ನಡದಲ್ಲಿ ಹಾಗೆ ಹುಟ್ಟಿಕೊಳ್ಳಲು ಇಂಗ್ಲಿಷಿಗಿಂತ ಹೆಚ್ಚು ದಾರಿಗಳಿವೆ. ಅವು ಯಾವುವು ಎಂದು ತೋರಿಸುವುದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಸರ್ಚ್ ಎಂಜಿನ್ ಏನು ಮಾಡುತ್ತದೆ ಎಂದು ಚುಟುಕಾಗಿ ನೋಡೋಣ. ಅದರ ಬಾಟ್, ಅಂದರೆ ತಾನೇ ತಾಣಗಳನ್ನು ಸುತ್ತುವ ತಂತ್ರಾಂಶ, ಒಂದು ಪುಟ ಓದುತ್ತದೆ, ಅಲ್ಲಿರುವ ಲಿಂಕುಗಳನ್ನೆಲ್ಲ ಎತ್ತಿಕೊಂಡು ಸರತಿಯಲ್ಲಿ ಇಡುತ್ತದೆ, ಒಂದೊಂದಾಗಿ ತರಿಸಿಕೊಳ್ಳುತ್ತದೆ. ತರಿಸಿಕೊಂಡದ್ದನ್ನು ಆ ವಿಳಾಸದ ಹೆಸರಿನಲ್ಲಿ ದಾಖಲಿಸುತ್ತದೆ. ಇದೇ ಇಂಡೆಕ್ಸ್. ಎರಡು ವಿಳಾಸಗಳಲ್ಲಿ ಒಂದೇ ಪುಟ ಸಿಕ್ಕಿದರೆ ಎರಡನ್ನೂ ಒಂದು ಗುಂಪಿಗೆ ಸೇರಿಸಿ, ಅದರಲ್ಲಿ ಒಂದನ್ನು ಮುಖ್ಯ ಎಂದು ಆರಿಸಿಕೊಳ್ಳುತ್ತದೆ. ಈ ಮುಖ್ಯ ವಿಳಾಸಕ್ಕೆ ಕೆನಾನಿಕಲ್ ಎನ್ನುತ್ತಾರೆ. ನಮ್ಮ ರೆವಿನ್ಯೂ ದಾಖಲೆಯಲ್ಲಿ ಸರ್ವೆ ನಂಬರ್ 42 ಬೇರೆ, 42/1 ಬೇರೆ ಅಲ್ಲವೇ? ಜಮೀನು ಒಂದೇ ಎಂದು ಊರಿಗೆಲ್ಲ ಗೊತ್ತಿರಬಹುದು, ದಾಖಲೆಗೆ ಗೊತ್ತಿರುವುದಿಲ್ಲ. ಯುಆರ್‌ಎಲ್ (ವೆಬ್ ವಿಳಾಸ) ವಿಷಯವೂ ಹಾಗೇ. ಒಂದು ಬೈಟ್ (ಕಂಪ್ಯೂಟರ್ ಅಕ್ಷರ ಬರೆದಿಡುವ ಚಿಕ್ಕ ತುಂಡು) ವ್ಯತ್ಯಾಸವಾದರೂ ಅದು ಬೇರೆ ವಿಳಾಸ.

ಈಗ ಅಕ್ಷರಗಳಿಗೆ ಬರೋಣ. ಯುಆರ್‌ಎಲ್ ಹೇಗಿರಬೇಕೆಂದು 1994ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 1738 ಎಂಬ, ಇಂಟರ್ನೆಟ್ ನಿಯಮಗಳನ್ನು ಹೇಳುವ ದಾಖಲೆ ಬಂತು. ಇವತ್ತು ಎಲ್ಲರೂ ನೋಡುವುದು 2005ರ ಜನವರಿಯ ಆರ್‌ಎಫ್‌ಸಿ 3986. ಇದರ ಪ್ರಕಾರ ಯಾವ ಕಟ್ಟುಪಾಡೂ ಇಲ್ಲದೆ ಬಳಸಬಹುದಾದ ಅಕ್ಷರಗಳು ಬರೀ 66: ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣ ಅಕ್ಷರ 26, ಅಂಕಿ 10, ಮತ್ತು ಹೈಫನ್, ಚುಕ್ಕಿ, ಅಂಡರ್‌ಸ್ಕೋರ್, ಟಿಲ್ಡೆ. ಇನ್ನೂ 18 ಚಿಹ್ನೆಗಳಿಗೆ ವಿಶೇಷ ಕೆಲಸ ಹಚ್ಚಿದ್ದಾರೆ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ಹ್ಯಾಷ್, ಆಂಡ್ ಚಿಹ್ನೆ, ಸಮ ಚಿಹ್ನೆ, ಪ್ಲಸ್ ಇತ್ಯಾದಿ. ಇವುಗಳನ್ನು ಬಿಟ್ಟು ಉಳಿದದ್ದೆಲ್ಲ, ಖಾಲಿ ಜಾಗವನ್ನೂ ಸೇರಿಸಿ, ಪರ್ಸೆಂಟ್ ಚಿಹ್ನೆ ಹಾಕಿದ ಸಂಕೇತವಾಗಿ ಬದಲಾಗಬೇಕು.

ಕನ್ನಡ ಆ 66ರಲ್ಲಿ ಇಲ್ಲ. ಹಾಗಾಗಿ ನಾವು ವಿಳಾಸದಲ್ಲಿ 'ತ' ಎಂದು ಬರೆದರೆ, ತಂತಿಯ ಮೇಲೆ ಹೋಗುವುದು %ಇ0%ಬಿ2%ಎ4. ಇಲ್ಲಿ ಇ, ಬಿ, ಎ ಎಂದಿರುವುದನ್ನು ಇಂಗ್ಲಿಷ್ ಅಕ್ಷರವೆಂದು ಓದಿಕೊಳ್ಳಿ. ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪಟ್ಟಿಯೇ ಯುನಿಕೋಡ್. ಅದರ ಪ್ರತಿ ಕನ್ನಡ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಒಂದೊಂದು ಬೈಟ್ ಬರೆಯಲು 3 ಅಕ್ಷರ ಬೇಕು. ಅಂದರೆ ಒಂದಕ್ಕೆ ಒಂಬತ್ತು. ಅದೂ ಕಾಗುಣಿತದ ಪ್ರತಿ ಚಿಹ್ನೆಯನ್ನೂ ಬೇರೆ ಬೇರೆ ಎಣಿಸಬೇಕು. 'ತುಮಕೂರು' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡಿನಲ್ಲಿ ತ, ಅದರ ಕೊಂಬು, ಮ, ಕ, ಅದರ ಕೊಂಬಿನ ದೀರ್ಘ, ರ, ಅದರ ಕೊಂಬು, ಒಟ್ಟು 7. ವಿಳಾಸದಲ್ಲಿ 63. 'ಚಿಕ್ಕಬಳ್ಳಾಪುರ'ದಲ್ಲಿ ಒತ್ತಕ್ಷರಗಳಿವೆ, ಒಂದೊಂದು ಒತ್ತಿಗೂ ನಡುವೆ ಒಂದು ವಿರಾಮ ಚಿಹ್ನೆ ಕೂರುತ್ತದೆ, ಎಣಿಸಿದರೆ 13. ವಿಳಾಸದಲ್ಲಿ 117.

ವಾಟ್ಸಾಪಿನಲ್ಲಿ ಕನ್ನಡ ಲಿಂಕ್ ಕಳಿಸಿದಾಗ ಪರ್ಸೆಂಟ್ ಚಿಹ್ನೆಗಳ ಉದ್ದನೆಯ ಸಾಲು ಬರುವುದು ಇದಕ್ಕೇ. ನೋಡಿದವರು ಇದೇನೋ ವೈರಸ್ ಇರಬೇಕು ಎಂದು ಒತ್ತದೆ ಬಿಡುತ್ತಾರೆ. ಆದರೆ ಸರ್ಚ್ ಎಂಜಿನ್‌ಗೆ ಇದು ತೊಡಕೇ ಅಲ್ಲ. ಅದು ಸಂಕೇತವನ್ನು ಬಿಡಿಸಿ ಕನ್ನಡವಾಗಿಯೇ ಓದುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ, ಅದರ ಲೇಖನಗಳ ವಿಳಾಸವೆಲ್ಲ ಕನ್ನಡದಲ್ಲೇ ಇದೆ. ಹುಡುಕಿದರೆ ಸಿಗುತ್ತದೆ.

ಹಾಗಾದರೆ ಸಿಗದೆ ಹೋಗುವುದು ಯಾವಾಗ? ಕೋಲಾರದಿಂದ ಬಂದವರು ಇಲ್ಲಿದ್ದೀರಿ, ನಿಮ್ಮೂರಿನ ಹೆಸರನ್ನೇ ತೆಗೆದುಕೊಳ್ಳುತ್ತೇನೆ.

'ಕೋಲಾರ' ಎಂಬುದರ 'ಕೋ' ಇದೆಯಲ್ಲ, ಅದನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಒಂದು, ಕ ಆದ ಮೇಲೆ ಓತ್ವದ ದೀರ್ಘ ಎಂಬ ಒಂದೇ ಚಿಹ್ನೆ. ಇನ್ನೊಂದು, ಕ ಆದ ಮೇಲೆ ಎತ್ವ, ಆಮೇಲೆ ಕೊಂಬಿನ ದೀರ್ಘ, ಆಮೇಲೆ ಒಂಟಿ ದೀರ್ಘ ಚಿಹ್ನೆ, ಹೀಗೆ ಮೂರು. ಪರದೆಯ ಮೇಲೆ ಎರಡೂ 'ಕೋ' ಎಂದೇ ಮೂಡುತ್ತವೆ, ಕೂದಲೆಳೆ ವ್ಯತ್ಯಾಸ ಕಾಣುವುದಿಲ್ಲ. ಯುನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮ. ಆದರೆ ವಿಳಾಸದಲ್ಲಿ ಮೊದಲನೆಯ ಕೋಲಾರ 45 ಅಕ್ಷರ, ಎರಡನೆಯ ಕೋಲಾರ 63 ಅಕ್ಷರ. ಸರ್ವರ್ ಬೈಟುಗಳನ್ನು ಮಾತ್ರ ಹೋಲಿಸುತ್ತದೆ. ಅದರ ಪಾಲಿಗೆ ಇವು ಎರಡು ಬೇರೆ ಪುಟ. ಒಂದು ಇದೆ, ಇನ್ನೊಂದು ಇಲ್ಲ.

ಕೂಡಿಸಿ ಬರೆದ ಮೊದಲನೆಯ ರೂಪಕ್ಕೆ ಎನ್‌ಎಫ್‌ಸಿ ಎಂದೂ, ಬಿಡಿಸಿ ಬರೆದ ಎರಡನೆಯದಕ್ಕೆ ಎನ್‌ಎಫ್‌ಡಿ ಎಂದೂ ಹೆಸರು. ವೆಬ್‌ನಲ್ಲಿ ಮೊದಲನೆಯದನ್ನೇ ಬಳಸಿ ಎಂದು ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಹೇಳುತ್ತದೆ. ಓತ್ವ, ಓತ್ವದ ದೀರ್ಘ, ಏತ್ವದ ದೀರ್ಘ, ಗುಡಿಸಿನ ದೀರ್ಘ, ಐತ್ವ, ಈ ಐದೂ ಚಿಹ್ನೆಗಳಿಗೆ ಕನ್ನಡದಲ್ಲಿ ಈ ಇಬ್ಬಗೆ ಇದೆ. ಒಂದು ಪ್ಯಾರಾ ಕನ್ನಡ ಬರೆದು ನೋಡಿ, ಈ ಐದರಲ್ಲಿ ಒಂದಾದರೂ ಬರದ ಸಾಲು ಹುಡುಕುವುದು ಕಷ್ಟ.

ನಾನು ಟೈಪ್ ಮಾಡುವಾಗ ಒಂದೇ ಚಿಹ್ನೆ ಬರುತ್ತದಲ್ಲ, ಬಿಡಿಸಿದ ರೂಪ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಎರಡು ಕಡೆಯಿಂದ ಬರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ದೀರ್ಘವನ್ನು ಬೇರೆಯಾಗಿಯೇ ಒತ್ತಿ ಬರೆದ ಪಠ್ಯ ನಮ್ಮಲ್ಲಿ ರಾಶಿ ಇದೆ. ಅದನ್ನು ಯುನಿಕೋಡಿಗೆ ತರುವ ಪರಿವರ್ತಕ ಸರಿಯಿಲ್ಲದಿದ್ದರೆ ದೀರ್ಘ ಹಾಗೇ ಬಿಡಿಯಾಗಿ ಉಳಿದುಬಿಡುತ್ತದೆ. ಆ ಶೀರ್ಷಿಕೆಯನ್ನು ಕಾಪಿ ಮಾಡಿ ಪೋಸ್ಟ್ ಮಾಡಿದರೆ ವಿಳಾಸವೂ ಬಿಡಿಯಾಗಿಯೇ ಹುಟ್ಟುತ್ತದೆ. ಎರಡನೆಯದು ಮ್ಯಾಕ್ ಕಂಪ್ಯೂಟರ್. ಆಪಲ್ 2017ರಲ್ಲಿ ಹೊಸ ಫೈಲ್ ವ್ಯವಸ್ಥೆ ತಂದಿತು. ಅದಕ್ಕೆ ಮುಂಚಿನದು ಫೈಲಿನ ಹೆಸರನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. 'ಕೋಲಾರ' ಎಂದು ಹೆಸರಿಟ್ಟ ಒಂದು ಪಿಡಿಎಫ್ ಅನ್ನು ಅಂಥ ಹಳೆಯ ಮ್ಯಾಕ್‌ನಿಂದ ಸರ್ವರಿಗೆ ಏರಿಸಿ, ಲಿಂಕನ್ನು ಮಾತ್ರ ವಿಂಡೋಸ್‌ನಲ್ಲಿ ಕೈಯಿಂದ ಟೈಪ್ ಮಾಡಿ ನೋಡಿ. ಫೈಲ್ ಇದೆ, ಲಿಂಕ್ ಇದೆ, ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಬಾಟ್ ಬಂದಾಗಲೂ ಅದಕ್ಕೆ ಸಿಗುವುದು ಅದೇ 404. ಸಿಗದ ಫೈಲನ್ನು ಅದು ಇಂಡೆಕ್ಸ್ ಮಾಡುವ ಪ್ರಶ್ನೆಯೇ ಇಲ್ಲ.

ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶ ಈ ವಿಷಯದಲ್ಲಿ ಜಾಣತನ ಮಾಡಿದೆ. ಯಾವ ರೂಪದಲ್ಲಿ ಕೊಟ್ಟರೂ ಅದನ್ನು ಎನ್‌ಎಫ್‌ಸಿ ಮಾಡಿಕೊಂಡೇ ಪುಟ ಹುಡುಕುತ್ತದೆ. ನೀವು ಸ್ವಂತ ತಂತ್ರಾಂಶ ಬರೆಸುತ್ತಿದ್ದರೆ ಪ್ರೋಗ್ರಾಮರ್ ಹತ್ತಿರ ಈ ಒಂದು ಮಾತನ್ನು ಗಟ್ಟಿಯಾಗಿ ಕೇಳಿ: ಶೀರ್ಷಿಕೆಯಿಂದ ವಿಳಾಸ ಮಾಡುವ ಮುಂಚೆ ಎನ್‌ಎಫ್‌ಸಿಗೆ ತರುತ್ತೀರಾ? ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಅದು ಒಂದು ಸಾಲಿನ ಕೆಲಸ.

ಎನ್‌ಎಫ್‌ಸಿಯಿಂದಲೂ ಸರಿಹೋಗದ್ದು ಒಂದಿದೆ. ಚಿಂತಾಮಣಿಯವರು ಗಮನವಿಟ್ಟು ನೋಡಿ. 'ಚಿಂತಾಮಣಿ', 'ಚಿ೦ತಾಮಣಿ'. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಎರಡೂ ದುಂಡಗಿವೆ, ಹೆಚ್ಚಿನ ಫಾಂಟುಗಳಲ್ಲಿ ಗುರುತು ಹಿಡಿಯಲಾಗುವುದಿಲ್ಲ. ಯುನಿಕೋಡಿಗೆ ಇವು ಪೂರ್ತಿ ಬೇರೆ. ಅನುಸ್ವಾರ ಇ0-ಬಿ2-82, ಸೊನ್ನೆ ಇ0-ಬಿ3-ಎ6. ಯಾವ ನಿಯಮವೂ ಇವೆರಡನ್ನು ಸಮ ಎನ್ನುವುದಿಲ್ಲ, ಏಕೆಂದರೆ ಒಂದು ಅಕ್ಷರಚಿಹ್ನೆ, ಇನ್ನೊಂದು ಅಂಕಿ. ಹಳೆಯ ಡಿಟಿಪಿಯಿಂದ ಬಂದ ಪಠ್ಯದಲ್ಲಿ ಈ ಸೊನ್ನೆ ಸಾವಿರಗಟ್ಟಲೆ ಕೂತಿದೆ. ವಿಳಾಸಕ್ಕಿಂತ ಹೆಚ್ಚಾಗಿ ಇದು ಪುಟದ ಒಳಗಿನ ಪಠ್ಯಕ್ಕೇ ಪೆಟ್ಟು. ಓದುಗರು ಅನುಸ್ವಾರ ಹಾಕಿ ಹುಡುಕುತ್ತಾರೆ, ನಿಮ್ಮ ಪುಟದಲ್ಲಿ ಇರುವುದು ಸೊನ್ನೆ. ನಿಮ್ಮ ಹಳೆಯ ಲೇಖನಗಳಲ್ಲಿ ಒಮ್ಮೆ ಈ ಸೊನ್ನೆಯನ್ನು ಹುಡುಕಿ, ಹಿಂದೆ ಕನ್ನಡ ಅಕ್ಷರ ಇರುವ ಕಡೆಯಲ್ಲೆಲ್ಲ ಅನುಸ್ವಾರಕ್ಕೆ ಬದಲಿಸಿ. ಬೇರೇನೂ ಮಾಡದಿದ್ದರೂ ಇದೊಂದನ್ನು ದಯವಿಟ್ಟು ಮಾಡಿ.

ಮೂರನೆಯದು ಕಣ್ಣಿಗೇ ಕಾಣದ ಅಕ್ಷರ. 'ಕೆಜಿಎಫ್‌ನಲ್ಲಿ' ಎಂದು ಬರೆಯುವಾಗ ಫ್ ಕೆಳಗೆ ನ ಒತ್ತಾಗದೆ ಬಿಡಿಯಾಗಿ ನಿಲ್ಲಲಿ ಎಂದು ನಡುವೆ ಒಂದು ಕೀಲಿ ಒತ್ತುತ್ತೇವೆ. ಅಲ್ಲಿ ಕೂರುವುದು ಶೂನ್ಯ ಅಗಲದ ಒಂದು ಅಕ್ಷರ. ಜಾಗ ತಿನ್ನುವುದಿಲ್ಲ, ಆದರೆ ಯುಟಿಎಫ್-8ರಲ್ಲಿ ಇ2-80-8ಸಿ ಎಂದು ಮೂರು ಬೈಟ್ ತೆಗೆದುಕೊಳ್ಳುತ್ತದೆ. ಇದು ಬೇಕಾದ ಕಡೆ ಬೇಕೇ ಬೇಕು. ಅದಿಲ್ಲದೆ 'ಕೆಜಿಎಫ್ನಲ್ಲಿ' ಎಂದಾಗುತ್ತದೆ, ಓದಲು ತಡವರಿಸಬೇಕಾಗುತ್ತದೆ. ಆದರೆ ಪದದ ಕೊನೆಯಲ್ಲೂ ಇದು ಅಂಟಿಕೊಂಡಿರುವುದು ತುಂಬ ಸಾಮಾನ್ಯ. 'ಸೋಲಾರ್ ಪಾರ್ಕ್' ಎಂದು ಬರೆದು, ಕ್ ಆದ ಮೇಲೆ ಅಭ್ಯಾಸಬಲದಿಂದ ಆ ಕೀಲಿ ಒತ್ತಿರುತ್ತೇವೆ. ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಇಬ್ಬರು ಟೈಪ್ ಮಾಡಿದರೆ ಒಬ್ಬರ ವಿಳಾಸದ ಕೊನೆಯಲ್ಲಿ ಆ ಅಗೋಚರ ಅಕ್ಷರ ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಕೆಲವು ತಂತ್ರಾಂಶ ಅದನ್ನು ಕಿತ್ತುಹಾಕುತ್ತದೆ, ಕೆಲವು ಉಳಿಸಿಕೊಳ್ಳುತ್ತದೆ. ಲಿಂಕನ್ನು ಬೇರೆಡೆ ಅಂಟಿಸಿದಾಗ ಕೊನೆಯ ಅಗೋಚರ ಅಕ್ಷರ ಉದುರಿಹೋಗುವುದೂ ಉಂಟು. ಆಗ ಲಿಂಕ್ ಮುರಿಯುತ್ತದೆ, ಯಾಕೆ ಮುರಿಯಿತೆಂದು ಎಷ್ಟು ದಿಟ್ಟಿಸಿ ನೋಡಿದರೂ ಗೊತ್ತಾಗುವುದಿಲ್ಲ. ಪಠ್ಯದಲ್ಲಿ ಈ ಅಕ್ಷರ ಇರಲಿ, ವಿಳಾಸದಲ್ಲಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ವಿಳಾಸಕ್ಕೆ ಅದು ಬೇಕಾಗದಂಥ ಪದಗಳನ್ನೇ ಆರಿಸಿಕೊಳ್ಳಿ. 'ಕೆಜಿಎಫ್‌ನಲ್ಲಿ ಗಣಿ' ಬದಲು 'ಕೋಲಾರ-ಗಣಿ' ಸಾಕು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಚೀಟಿಯಲ್ಲಿ ಒಬ್ಬರು ಕೇಳಿದ್ದರಿಂದ. ತಾಣದ ಹೆಸರೇ ಕನ್ನಡದಲ್ಲಿದ್ದರೆ? ಕೊನೆಗೆ '.ಭಾರತ' ಎಂದು ಬರುವ ಕನ್ನಡ ಡೊಮೇನ್ ಈಗ ಇದೆ. ಡೊಮೇನ್ ಭಾಗಕ್ಕೆ ಪರ್ಸೆಂಟ್ ಸಂಕೇತ ನಡೆಯುವುದಿಲ್ಲ. ಅದಕ್ಕೆ 2003ರಲ್ಲಿ ಬಂದ ಪ್ಯುನಿಕೋಡ್ ಎಂಬ ಬೇರೆ ಪದ್ಧತಿ ಇದೆ. ಕನ್ನಡದ ಹೆಸರನ್ನು ಇಂಗ್ಲಿಷಿನ ಎಕ್ಸ್, ಎನ್, ಎರಡು ಹೈಫನ್ ಎಂದು ಶುರುವಾಗುವ ಸಣ್ಣ ಅಕ್ಷರ, ಅಂಕಿಗಳ ಸಾಲಾಗಿ ಮಾಡುತ್ತದೆ. ಚುಕ್ಕಿಗಳ ನಡುವಿನ ಒಂದೊಂದು ಭಾಗವೂ 63 ಅಕ್ಷರ ಮೀರುವಂತಿಲ್ಲ. ಗೂಗಲ್ ಇದನ್ನೂ ಓದುತ್ತದೆ. ಕೆಲವು ಹಳೆಯ ಇಮೇಲ್ ವ್ಯವಸ್ಥೆ, ಅರ್ಜಿ ನಮೂನೆಗಳು ಇಂಥ ವಿಳಾಸವನ್ನು ಒಪ್ಪದೆ ತಕರಾರು ಮಾಡಬಹುದು. ಅಷ್ಟು ಬಿಟ್ಟರೆ ಇಂಡೆಕ್ಸ್ ಆಗಲು ಅಡ್ಡಿಯಿಲ್ಲ.

ಸರಿ, ವಿಳಾಸದ ಉದ್ದಕ್ಕೆ ಬರೋಣ. ನಿಮ್ಮಲ್ಲಿ ಬಹಳ ಜನ ತಾಣ ನಡೆಸಲು ವರ್ಡ್‌ಪ್ರೆಸ್ ಬಳಸುತ್ತೀರಿ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸದ ಕೊನೆಯ ತುಂಡನ್ನು ಮಾಡುತ್ತದೆ, ಅದಕ್ಕೆ ಸ್ಲಗ್ ಎನ್ನುತ್ತಾರೆ. ಅದರ ಮಿತಿ 200 ಅಕ್ಷರ. ಇಂಗ್ಲಿಷಿಗೆ ಇದು ಧಾರಾಳ. ನಮಗೆ ಒಂಬತ್ತರಿಂದ ಭಾಗಿಸಬೇಕು, ಸುಮಾರು 22 ಚಿಹ್ನೆಗೆ ಮುಗಿಯಿತು. ಒಂದು ಶೀರ್ಷಿಕೆ ತೆಗೆದುಕೊಳ್ಳಿ: 'ತಿಪಟೂರು ಕೊಬ್ಬರಿ ಇಂದಿನ ಧಾರಣೆ'. ತಿಪಟೂರು 63, ಕೊಬ್ಬರಿ 63, ಇಂದಿನ 45, ನಡುವಿನ ಮೂರು ಹೈಫನ್ ಸೇರಿ 174. ಉಳಿದದ್ದು 26. ಅದರಲ್ಲಿ ಎರಡೇ ಚಿಹ್ನೆ ಹಿಡಿಸುತ್ತದೆ. ಹಾಗಾಗಿ ವಿಳಾಸ 'ತಿಪಟೂರು-ಕೊಬ್ಬರಿ-ಇಂದಿನ-ಧಾ' ಎಂದು ನಿಲ್ಲುತ್ತದೆ. ಧಾರಣೆ ಹೋಗಿ ಧಾ ಉಳಿಯಿತು. ಬರೀ ನಾಲ್ಕು ಪದದ ಶೀರ್ಷಿಕೆ ಇದು. ಸುದ್ದಿಯ ಶೀರ್ಷಿಕೆ ಎಂಟು ಹತ್ತು ಪದ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ಹೋಗುತ್ತದೆ. ಇನ್ನೊಂದು ಸಂಗತಿ, ದಿನಾ ಇದೇ ಶೀರ್ಷಿಕೆ ಹಾಕಿದರೆ ದಿನಾಂಕ ಕೊನೆಯಲ್ಲಿದ್ದು ಅದೂ ಕತ್ತರಿಸಿಹೋಗಿ, ಎಲ್ಲಕ್ಕೂ ಒಂದೇ ಸ್ಲಗ್ ಆಗುತ್ತದೆ. ವರ್ಡ್‌ಪ್ರೆಸ್ ಅವುಗಳ ಹಿಂದೆ 2, 3, 4 ಎಂದು ಅಂಕಿ ಹಾಕುತ್ತಾ ಹೋಗುತ್ತದೆ. ಯಾವುದು ಯಾವ ದಿನದ್ದೆಂದು ವಿಳಾಸ ನೋಡಿ ಯಾರಿಗೂ ತಿಳಿಯುವುದಿಲ್ಲ.

ಹೀಗೆ ಕತ್ತರಿಸಿದ ವಿಳಾಸ ಇಂಡೆಕ್ಸ್ ಆಗುವುದಿಲ್ಲವೇ ಎಂದರೆ, ಆಗುತ್ತದೆ. ವಿಳಾಸದಲ್ಲಿರುವ ಪದಗಳಿಗೆ ಗೂಗಲ್ ಕೊಡುವ ತೂಕ ತೀರಾ ಕಡಿಮೆ, ಶೀರ್ಷಿಕೆ ಮತ್ತು ಪಠ್ಯವೇ ಮುಖ್ಯ. ಆದರೂ ಪ್ರಕಟಿಸುವ ಮುಂಚೆ ಸ್ಲಗ್ ಪೆಟ್ಟಿಗೆ ತೆರೆದು ಎರಡು ಮೂರು ಪದಕ್ಕೆ ಇಳಿಸಿ. ಓದುಗರು ಫಲಿತಾಂಶದ ಪಟ್ಟಿಯಲ್ಲಿ ನೋಡುವುದು ಈ ಪದಗಳನ್ನೇ. ಪೂರ್ತಿ ಪದ ಕಂಡರೆ ನಂಬಿ ಒತ್ತುತ್ತಾರೆ. ಪದಗಳ ನಡುವೆ ಹೈಫನ್ ಹಾಕಿ, ಅಂಡರ್‌ಸ್ಕೋರ್ ಬೇಡ ಎನ್ನುವುದು ಗೂಗಲ್‌ನದೇ ಸಲಹೆ. ಕನ್ನಡಕ್ಕೆ ಒಂದು ಅನುಕೂಲವೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬದಲಾದರೆ ಡೊಮೇನ್ ನಂತರದ ಭಾಗದಲ್ಲಿ ಅದು ಬೇರೆ ವಿಳಾಸ. ಕನ್ನಡದಲ್ಲಿ ಆ ಗೋಜೇ ಇಲ್ಲ.

ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಎಲ್ಲ ಸುಲಭ ಎನ್ನುವವರಿಗೂ ಒಂದು ಮಾತು. ಚಿಕ್ಕಬಳ್ಳಾಪುರವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ? ಒಂದು ಕೆ, ಎರಡು ಕೆ, ಸಿಕೆ, ಕೊನೆಗೆ ಎ ಇದ್ದದ್ದು, ಇಲ್ಲದ್ದು. ಬೋರ್ಡಿಗೊಂದು ಥರ ಬರೆದಿದ್ದಾರೆ. ನಮ್ಮ ತುಮಕೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಕಾಗುಣಿತದ ವಿಳಾಸಗಳು ಇನ್ನೂ ಎಲ್ಲೆಡೆ ಇವೆ. ಇಂಗ್ಲಿಷ್ ಲಿಪಿ ತಪ್ಪಲ್ಲ. ಗೋಡೆಗೆ ಅಂಟಿಸುವ ಪೋಸ್ಟರಿಗೆ, ಫೋನಿನಲ್ಲಿ ಬಾಯಲ್ಲಿ ಹೇಳುವ ವಿಳಾಸಕ್ಕೆ ಅದೇ ಸರಿ. ಓದುವ ಲೇಖನಕ್ಕೆ ನಾನು ಚಿಕ್ಕ ಕನ್ನಡ ಸ್ಲಗ್ ಪರ. ಯಾವುದನ್ನಾದರೂ ಆರಿಸಿ, ಆರಿಸಿದ ಮೇಲೆ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ.

ಇನ್ನು ವಿಶೇಷ ಚಿಹ್ನೆಗಳು. ಹ್ಯಾಷ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹ್ಯಾಷ್ ನಂತರದ ಭಾಗ ಸರ್ವರಿಗೆ ಹೋಗುವುದೇ ಇಲ್ಲ, ಬ್ರೌಸರಿನಲ್ಲೇ ಉಳಿಯುತ್ತದೆ. ಹ್ಯಾಷ್ ಹಾಕಿ ಹತ್ತು ಪುಟ ತೋರಿಸಿದರೂ ಗೂಗಲ್‌ಗೆ ಅದು ಒಂದೇ ಪುಟ. ಹ್ಯಾಷ್ ಪಕ್ಕ ಆಶ್ಚರ್ಯಸೂಚಕ ಹಾಕುವ ಒಂದು ಏರ್ಪಾಡನ್ನು ಗೂಗಲ್ 2009ರಲ್ಲಿ ಸೂಚಿಸಿತ್ತು, 2015ರಲ್ಲಿ ಅದೇ ಕೈಬಿಟ್ಟಿತು. ಇನ್ನೂ ಯಾರಾದರೂ ಹಾಗೆ ತಾಣ ಕಟ್ಟಿಕೊಟ್ಟರೆ ಬೇಡ ಎನ್ನಿ.

ಪ್ರಶ್ನಾರ್ಥಕ ಚಿಹ್ನೆಯದು ದೊಡ್ಡ ಕಥೆ. ಅದರ ನಂತರ ಬರುವುದು ಆಯ್ಕೆಗಳು: ತಾಲ್ಲೂಕು ಸಮ ತಿಪಟೂರು, ಬೆಳೆ ಸಮ ಕೊಬ್ಬರಿ, ಹೀಗೆ. ನಮ್ಮ ಜಿಲ್ಲೆಗೊಂದು ಮಾರುಕಟ್ಟೆ ಧಾರಣೆ ತಾಣ ಮಾಡಿದಿರಿ ಎಂದುಕೊಳ್ಳಿ. ತಾಲ್ಲೂಕು 10. ಬೆಳೆ 5 ಎಂದಿಟ್ಟುಕೊಳ್ಳೋಣ. ವರ್ಷದ ದಿನ 365. ಗುಣಿಸಿದರೆ 18,250. ಬೆಲೆ ಏರಿಕೆ ಕ್ರಮ, ಇಳಿಕೆ ಕ್ರಮ ಎಂದು ಎರಡು ಗುಂಡಿ ಇಟ್ಟರೆ 36,500. ಈಗ ಆಯ್ಕೆ ನಾಲ್ಕಾಯಿತು: ತಾಲ್ಲೂಕು, ಬೆಳೆ, ದಿನಾಂಕ, ಕ್ರಮ. ಈ ನಾಲ್ಕು ಯಾವ ಸರದಿಯಲ್ಲಿ ಬಂದರೂ ಪುಟ ಅದೇ, ಆದರೆ ವಿಳಾಸ ಬೇರೆ. ನಾಲ್ಕನ್ನು 24 ರೀತಿ ಜೋಡಿಸಬಹುದು. 36,500ನ್ನು 24ರಿಂದ ಗುಣಿಸಿದರೆ 8,76,000 ವಿಳಾಸ. ನಿಜವಾದ ಮಾಹಿತಿ ಇರುವುದು ಹೆಚ್ಚೆಂದರೆ 18,250 ಪುಟದಲ್ಲಿ. ಇದಕ್ಕೆ ಜೊತೆಯಾಗಿ 'ಮುಂದಿನ ದಿನ' ಎಂಬ ಗುಂಡಿ ಇದ್ದರೆ ಬಾಟ್ ಅದನ್ನು ಒತ್ತುತ್ತಾ ನಾಳೆ, ನಾಡಿದ್ದು, ಮುಂದಿನ ವರ್ಷ ಎಂದು ಖಾಲಿ ಪುಟಗಳಲ್ಲಿ ನಡೆದುಕೊಂಡೇ ಹೋಗುತ್ತದೆ. ಕೊನೆಯೇ ಇಲ್ಲ. ಬಾಟ್ ಎಷ್ಟು ಪುಟ ತೆಗೆಯಬೇಕೆಂಬ ಲೆಕ್ಕ ದೊಡ್ಡ ತಾಣಗಳ ಚಿಂತೆ, ಚಿಕ್ಕ ತಾಣದವರು ತಲೆಕೆಡಿಸಿಕೊಳ್ಳಬೇಡಿ ಎನ್ನುತ್ತದೆ ಗೂಗಲ್. ನಿಜ. ಆದರೆ ಈ ಲೆಕ್ಕದಲ್ಲಿ ನಿಮ್ಮ ಚಿಕ್ಕ ತಾಣವೇ ಬಾಟ್ ಕಣ್ಣಿಗೆ ದೊಡ್ಡ ತಾಣವಾಗಿ ಕೂತಿದೆ. ಇವತ್ತಿನ ಧಾರಣೆ ಹುಡುಕುವ ತೆಂಗು ಬೆಳೆಗಾರರಿಗೆ ಎರಡು ವರ್ಷದ ಹಿಂದಿನ ಖಾಲಿ ಪುಟ ಸಿಕ್ಕಿದರೆ ಅವರು ಮತ್ತೆ ನಿಮ್ಮ ತಾಣಕ್ಕೆ ಬರುತ್ತಾರೆಯೇ?

ಪರಿಹಾರ ಸರಳ. ತಾಲ್ಲೂಕಿಗೊಂದು ಬೆಳೆಗೊಂದು ಸ್ಥಿರ ಪುಟ ಮಾಡಿ. ಧಾರಣೆ, ಓರೆಗೆರೆ, ತಿಪಟೂರು, ಓರೆಗೆರೆ, ಕೊಬ್ಬರಿ, ಅಷ್ಟೇ. ಒಟ್ಟು 50 ಪುಟ. ಬೆಲೆ ದಿನಾ ಆ ಪುಟದೊಳಗೇ ಬದಲಾಗಲಿ, ಹಿಂದಿನ ದಿನಗಳ ಪಟ್ಟಿ ಕೆಳಗೆ ಇರಲಿ. ಶಿಡ್ಲಘಟ್ಟದ ರೇಷ್ಮೆಗೂಡು, ಕೋಲಾರದ ಟೊಮೆಟೊ, ಯಾವುದಕ್ಕೇ ಆಗಲಿ ಇದೇ ಕ್ರಮ. ಆಯ್ಕೆ ಗುಂಡಿಗಳು ಬೇಕೇ ಬೇಕೆಂದರೆ, ಅವುಗಳಿಂದ ಹುಟ್ಟುವ ಪುಟದ ತಲೆಯಲ್ಲಿ ಮುಖ್ಯ ಪುಟದ ವಿಳಾಸವನ್ನು ಕೆನಾನಿಕಲ್ ಎಂದು ಬರೆಸಿ. ಈ ಏರ್ಪಾಡನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ 2009ರಲ್ಲಿ ತಂದದ್ದು. ಫೇಸ್‌ಬುಕ್‌ನಿಂದ ಬರುವ ಲಿಂಕಿನ ಬಾಲಕ್ಕೆ ಉದ್ದನೆಯ ಗುರುತು ಅಂಟಿಕೊಂಡು ಬರುತ್ತದಲ್ಲ, ಅದಕ್ಕೂ ಇದೇ ಮದ್ದು.

ಸೈಟ್‌ಮ್ಯಾಪ್, ಅಂದರೆ ತಾಣದ ವಿಳಾಸಗಳ ಪಟ್ಟಿ ಇರುವ ಫೈಲ್, ಅದರ ಬಗ್ಗೆ ಎರಡೇ ಮಾತು. ಒಂದು ಫೈಲಿನಲ್ಲಿ 50,000 ವಿಳಾಸ ಹಿಡಿಸುತ್ತದೆ, ಒಂದೊಂದು ವಿಳಾಸ 2,048 ಅಕ್ಷರಕ್ಕಿಂತ ಕಡಿಮೆ ಇರಬೇಕು. ಆಂಡ್ ಚಿಹ್ನೆ ಬಂದರೆ ಎಕ್ಸ್‌ಎಂಎಲ್ ನಿಯಮದ ಸಂಕೇತದಲ್ಲೇ ಬರೆಯಬೇಕು, ಇಲ್ಲದಿದ್ದರೆ ಇಡೀ ಫೈಲೇ ತಪ್ಪೆಂದು ಹಿಂದಕ್ಕೆ ಬರುತ್ತದೆ. ಸೈಟ್‌ಮ್ಯಾಪ್‌ನಲ್ಲಿರುವ ವಿಳಾಸ, ಪುಟದಲ್ಲಿರುವ ಕೆನಾನಿಕಲ್, ನಿಮ್ಮದೇ ತಾಣದ ಒಳಲಿಂಕುಗಳು, ಮೂರರಲ್ಲೂ ಬೈಟಿಗೆ ಬೈಟ್ ಒಂದೇ ರೂಪ ಇರಲಿ. ಬಾಟ್ ಎಲ್ಲಿಗೆ ಹೋಗಬಾರದೆಂದು ಹೇಳುವ ರೋಬಾಟ್ಸ್ ಫೈಲಿನಲ್ಲಿ ಕನ್ನಡ ದಾರಿಯನ್ನು ಕನ್ನಡದಲ್ಲೇ ಬರೆದರೂ, ಪರ್ಸೆಂಟ್ ಸಂಕೇತದಲ್ಲಿ ಬರೆದರೂ ನಡೆಯುತ್ತದೆ. 2022ರಲ್ಲಿ ಬಂದ ಆರ್‌ಎಫ್‌ಸಿ 9309 ಎರಡನ್ನೂ ಸಂಕೇತಕ್ಕೆ ಇಳಿಸಿಕೊಂಡೇ ಹೋಲಿಸಿ ಎನ್ನುತ್ತದೆ. ಫೈಲ್ ಮಾತ್ರ ಯುಟಿಎಫ್-8ರಲ್ಲಿ ಇರಬೇಕು.

ಒಂದು ದೋಷವನ್ನು, ಬಂದ ಕೋರಿಕೆಗಳೆಲ್ಲ ದಾಖಲಾಗುವ ಸರ್ವರ್ ಲಾಗ್‌ನಲ್ಲಿ ನೀವೇ ಹಿಡಿಯಬಹುದು. ಲಾಗ್ ತೆರೆದು 404 ಬಂದ ಸಾಲುಗಳಲ್ಲಿ %25 ಎಂದು ಹುಡುಕಿ. ಪರ್ಸೆಂಟ್ ಚಿಹ್ನೆಯ ಸಂಕೇತವೇ %25. ಒಮ್ಮೆ ಸಂಕೇತವಾದ ಕನ್ನಡ ವಿಳಾಸವನ್ನು ಇನ್ನೊಮ್ಮೆ ಸಂಕೇತ ಮಾಡಿದರೆ %ಇ0 ಇದ್ದದ್ದು %25ಇ0 ಆಗುತ್ತದೆ. ಹಳೆಯ ತಾಣದಿಂದ ಹೊಸದಕ್ಕೆ ರೀಡೈರೆಕ್ಟ್ (ತಾನಾಗಿ ಹೊಸ ವಿಳಾಸಕ್ಕೆ ಕಳಿಸುವ) ನಿಯಮ ಬರೆಯುವಾಗ ಹೀಗಾಗುವುದು ಜಾಸ್ತಿ. ಇಂಗ್ಲಿಷ್ ವಿಳಾಸದಲ್ಲಿ ಪರ್ಸೆಂಟ್ ಚಿಹ್ನೆಯೇ ಇರುವುದಿಲ್ಲವಾದ್ದರಿಂದ ನಿಯಮ ಬರೆದವರು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕನ್ನಡ ಪುಟಗಳೆಲ್ಲ ಸದ್ದಿಲ್ಲದೆ ಇಂಡೆಕ್ಸಿನಿಂದ ಜಾರಿಹೋಗುತ್ತವೆ. ತಾಣ ಸ್ಥಳಾಂತರ ಮಾಡಿಸುವಾಗ ಪರೀಕ್ಷೆಗೆ ಕನ್ನಡ ವಿಳಾಸವನ್ನೇ ಕೊಡಿ, ಅದರಲ್ಲೂ ಓತ್ವದ ದೀರ್ಘ, ಅನುಸ್ವಾರ, ಒತ್ತಕ್ಷರ ಇರುವ ವಿಳಾಸವನ್ನು ಕೊಡಿ.

ಹಿಂದಿನ ಸಾಲಿನಿಂದ ಈಗ ಒಬ್ಬರು ಕೇಳುತ್ತಿದ್ದಾರೆ: 'ಸಾರ್, ನಮ್ಮ ತಾಣದಲ್ಲಿ ಈಗಾಗಲೇ ಅರ್ಧ ಕತ್ತರಿಸಿದ ವಿಳಾಸದ ಲೇಖನಗಳು ತುಂಬ ಇವೆ. ಎಲ್ಲ ಬದಲಿಸಿಬಿಡಲೇ?'

ಬೇಡ. ಅವು ಇಂಡೆಕ್ಸ್ ಆಗಿವೆ, ಜನ ಹಂಚಿಕೊಂಡಿದ್ದಾರೆ, ಬೇರೆ ತಾಣದವರು ಲಿಂಕ್ ಕೊಟ್ಟಿದ್ದಾರೆ. ಚೆಂದ ಕಾಣಲಿ ಎಂದು ಬದಲಿಸಿದರೆ ಅದೆಲ್ಲ ಕಳೆದುಕೊಳ್ಳುತ್ತೀರಿ. ಹೊಸ ಲೇಖನದಿಂದ ಸರಿಮಾಡಿಕೊಳ್ಳಿ. ಪುಟವೇ ತೆರೆಯದಂತೆ ಮುರಿದಿರುವ ವಿಳಾಸ, ಸೊನ್ನೆ ಹೊಕ್ಕ ವಿಳಾಸ, ಅಂಥವನ್ನು ಮಾತ್ರ ಬದಲಿಸಿ, ಹಳೆಯದರಿಂದ ಹೊಸದಕ್ಕೆ 301 (ಶಾಶ್ವತ) ರೀಡೈರೆಕ್ಟ್ ಹಾಕಿ. ಕನಿಷ್ಠ ಒಂದು ವರ್ಷ ಅದನ್ನು ತೆಗೆಯಬೇಡಿ ಎಂದು ಗೂಗಲ್ ಹೇಳುತ್ತದೆ. ನಾನು ಹೇಳುವುದು, ತೆಗೆಯಲೇಬೇಡಿ. ಆಮೇಲೆ ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಪರಿಶೀಲನೆಯ ಪೆಟ್ಟಿಗೆಗೆ ಹಳೆಯದನ್ನೂ ಹೊಸದನ್ನೂ ಒಂದೊಂದಾಗಿ ಅಂಟಿಸಿ ನೋಡಿ. ಗೂಗಲ್ ಆರಿಸಿಕೊಂಡ ಕೆನಾನಿಕಲ್ ಯಾವುದು ಎಂದು ಅಲ್ಲೇ ತೋರಿಸುತ್ತದೆ. ಬದಲಾವಣೆ ಅಲ್ಲಿ ಕಾಣಲು ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ ಹಿಡಿಯುತ್ತದೆ. ಆ ನಡುವೆ ಗಾಬರಿಯಾಗಿ ಇನ್ನೊಮ್ಮೆ ವಿಳಾಸ ಬದಲಿಸಲು ಹೋಗಬೇಡಿ.